ಅಜ್ಜಿ ಯಾರ ಕಡೆಯವರು?

"ಅಜ್ಜಿ ಯಾರ ಕಡೆಯವರು ಮೇಡಂ?"

ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ಕೇಳಿದ್ದು ಇಷ್ಟೇ. ಅವನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಅವನ ಮುಂದಿನ ಕಂಪ್ಯೂಟರಿನಲ್ಲಿ ನಮ್ಮ ಬುಕಿಂಗ್ ತೆರೆದಿತ್ತು. ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು. ಬಂದಿದ್ದವರು ಐದು ಜನ. ಐದನೆಯವರು ನಮ್ಮತ್ತೆ. ಗೋಡೆ ಪಕ್ಕದ ಸ್ಟೀಲ್ ಕುರ್ಚಿಯ ತುದಿಯಲ್ಲಿ, ಬ್ಯಾಗ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು, "ನಾನೂ ಇವ್ರ ಕಡೆಯೋಳೇ ಕಣಪ್ಪ."

ವಾರವಾಯಿತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಆ ಎರಡು ಮಾತು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಅತ್ತೆ ಮರೆತಿರಬಹುದು. ನನಗೆ ಆಗುತ್ತಿಲ್ಲ.

ದಸರಾ ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿನ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದೆವು. ದಾವಣಗೆರೆಯಿಂದ ಬಿಡದಿಗೆ ಹೋಗಿ ಅದೇ ದಿನ ವಾಪಸ್ ಬರುವುದು ಮಕ್ಕಳಿಗೆ ಕಷ್ಟ. ಪಾರ್ಕ್ ತೆರೆಯುವುದೇ 11ಕ್ಕೆ. ಸಂಜೆವರೆಗೆ ನೀರಲ್ಲಿ ಕುಣಿದು ಸುಸ್ತಾದ ಮಕ್ಕಳನ್ನು, ಒದ್ದೆ ಬಟ್ಟೆಯ ಗಂಟನ್ನು ಹೊತ್ತುಕೊಂಡು ರಾತ್ರಿ ರೈಲು ಹತ್ತುವುದು ಬೇಡ ಅನಿಸಿತು. ಒಂದು ರಾತ್ರಿ ಉಳಿಯಬೇಕು. ಎಲ್ಲಿ ಅನ್ನುವುದೇ ಪ್ರಶ್ನೆ.

ಹದಿನೈದು ದಿನ ನಾನು ಇದೇ ಕೆಲಸ ಮಾಡಿದೆ. ರಾತ್ರಿ ಫೋನ್ ಹಿಡಿದು ಕೂರುವುದು, ರೇಟ್ ಬರೆದುಕೊಳ್ಳುವುದು. ಪಾರ್ಕಿಗೆ ಅಂಟಿಕೊಂಡೇ ಅವರದೇ ರೆಸಾರ್ಟ್ ಇದೆ, 2012ರಿಂದ. ಅದನ್ನು ಒಂದು ಸಲ ನೋಡಿ ಬಿಟ್ಟೆ, ನಮ್ಮ ಕೈಗೆ ಎಟುಕುವುದಲ್ಲ. ಮೆಜೆಸ್ಟಿಕ್ ಸುತ್ತಮುತ್ತ ಲಾಡ್ಜುಗಳು ಬೇಕಾದಷ್ಟಿವೆ, ರೈಲು ಇಳಿದು ನಡೆದೇ ಹೋಗಬಹುದು. ಆದರೆ ಬೆಳಗ್ಗೆ ಅಲ್ಲಿಂದ ಮೈಸೂರು ರಸ್ತೆಯಲ್ಲಿ 28 ಕಿ.ಮೀ. ಹೋಗಬೇಕು, ಸಂಜೆ ಅದೇ ಟ್ರಾಫಿಕ್‌ನಲ್ಲಿ ತಿರುಗಿ ಬರಬೇಕು. ರಾಮನಗರದಲ್ಲಿ ಕಡಿಮೆಗೆ ರೂಮ್ ಸಿಗುತ್ತಿತ್ತು. ಅದು ಪಾರ್ಕ್ ದಾಟಿ ಮುಂದೆ ಹೋಗಬೇಕು. ರಾಜರಾಜೇಶ್ವರಿ ನಗರದಲ್ಲಿ ನನ್ನ ಚಿಕ್ಕಪ್ಪನ ಮಗಳಿದ್ದಾಳೆ. "ಬನ್ನಿ ಅಕ್ಕಾ" ಅಂದಳು. ಅನ್ನುವ ಮೊದಲು ಅರೆಕ್ಷಣ ತಡೆದಳು. ಅವಳನ್ನು ನಾನು ತಪ್ಪು ತಿಳಿಯುವುದಿಲ್ಲ. ಎರಡು ರೂಮಿನ ಮನೆ, ಎಸ್ಸೆಸ್ಸೆಲ್ಸಿ ಓದುವ ಮಗ, ಬೆಳಗ್ಗೆ ಏಳಕ್ಕೆ ಮನೆ ಬಿಡುವ ಗಂಡ. ಐದು ಜನ ಹೋಗಿ ಬಿದ್ದರೆ ಯಾರಿಗೂ ಕಷ್ಟವೇ.

ಕೊನೆಗೆ ಬಿಡದಿಗೆ ಹೋಗುವ ದಾರಿಯಲ್ಲೇ ಸಿಗುವ ಕೆಂಗೇರಿ ಕಡೆಯ ಒಂದು ಲಾಡ್ಜ್ ಸರಿ ಅನಿಸಿತು. ಮುಖ್ಯ ಕಾರಣ 24 ಗಂಟೆಯ ಚೆಕ್‌ಔಟ್. ನಮ್ಮಂಥವರು ರೂಮ್ ಹುಡುಕುವಾಗ ರೇಟಿಗಿಂತ ಮೊದಲು ಇದನ್ನು ನೋಡಬೇಕು. ನಾವು ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಬೆಳಗಾಗುವಾಗ ಬೆಂಗಳೂರಿನಲ್ಲಿ ಇಳಿಯುವವರು. ಮಧ್ಯಾಹ್ನ 12ಕ್ಕೆ ಚೆಕ್‌ಇನ್ ಅನ್ನುವ ಕಡೆ ರೂಮ್ ಮಾಡಿದರೆ ಸ್ನಾನ ಎಲ್ಲಿ ಮಾಡುವುದು, ಬ್ಯಾಗ್ ಎಲ್ಲಿಡುವುದು? ಬೇಗ ಬಂದರೆ ಅರ್ಧ ದಿನದ ಬಾಡಿಗೆ ಬೇರೆ ಕೇಳುತ್ತಾರೆ. 24 ಗಂಟೆ ಲೆಕ್ಕದಲ್ಲಾದರೆ ಬೆಳಗ್ಗೆ ಎಂಟಕ್ಕೆ ಬೀಗದ ಕೈ ತೆಗೆದುಕೊಂಡು ಮರುದಿನ ಎಂಟಕ್ಕೆ ಕೊಟ್ಟರಾಯಿತು. ಬಾಡಿಗೆ 1,750 ರೂಪಾಯಿ, ಮೇಲೆ ಶೇ 5 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಇಂಥ ರೂಮಿಗೆ ಶೇ 12 ಇತ್ತು.

ಫೋನ್ ಮಾಡಿ ಎಲ್ಲ ಕೇಳಿಕೊಂಡೆ. ಬಿಸಿನೀರು ಎಷ್ಟು ಹೊತ್ತಿನ ತನಕ ಬರುತ್ತೆ? ಒದ್ದೆ ಬಟ್ಟೆ ಒಣಹಾಕಲು ಬಾಲ್ಕನಿ ಇದೆಯಾ? ಲಿಫ್ಟ್ ಇದೆಯಾ? ಅತ್ತೆಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಆಗಲ್ಲ ಅಂತಲೂ ಹೇಳಿದೆ.

ಅತ್ತೆಯ ಮೊಣಕಾಲು ಲೆಕ್ಕಕ್ಕೆ ಬಂತು. ಅತ್ತೆ ಬರಲಿಲ್ಲ.

ಅದು ಆದದ್ದು ಹೀಗೆ. ಬುಕ್ ಮಾಡುವ ಕಡೆ ಎಷ್ಟು ಜನ ಅಂತ ಕೇಳುತ್ತದಲ್ಲ, ಪಕ್ಕದಲ್ಲಿ ಒಂದು ಪ್ಲಸ್, ಒಂದು ಮೈನಸ್. ದೊಡ್ಡವರು ಮೂರು ಅಂತ ಒತ್ತಿದೆ. ತಕ್ಷಣ ಎರಡು ರೂಮ್ ಬೇಕು ಅಂತ ತೋರಿಸಿತು. 1,750 ಇದ್ದದ್ದು 3,500 ಆಯಿತು. "ಅಯ್ಯೋ" ಅಂದೆ. ಅತ್ತೆ ಅಲ್ಲೇ ಚಾಪೆ ಮೇಲೆ ಶೇಂಗಾ ಸುಲಿಯುತ್ತಾ ಕೂತಿದ್ದರು. ಏನು ಅಂತ ಕೇಳಿದರು. ಹೇಳಿದೆ. ಕೈ ನಿಲ್ಲಿಸದೆಯೇ ಅಂದರು, "ನನ್ನ ಲೆಕ್ಕಕ್ಕೆ ಹಿಡಿಬ್ಯಾಡ ಬಿಡಮ್ಮ. ನಾನು ಕೆಳಗೆ ಮಕ್ಕಂತೀನಿ."

ನಾನು ಮೈನಸ್ ಒತ್ತಿದೆ.

ಒಂದು ಮಾತು "ಹಂಗೆಲ್ಲ ಅನ್ನಬೇಡಿ ಅತ್ತೆ" ಅಂತಲೂ ಅನ್ನಲಿಲ್ಲ. 1,750 ರೂಪಾಯಿ ಉಳಿಯಿತು ಅನ್ನುವ ಸಮಾಧಾನದಲ್ಲಿ ದುಡ್ಡು ಕಟ್ಟಿ ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಈಗ ಯೋಚಿಸಿದರೆ ಆ ಪ್ರಯಾಣದಲ್ಲಿ ಉಳಿದವರೆಲ್ಲ ಅವರನ್ನು ಲೆಕ್ಕಕ್ಕೆ ಹಿಡಿದರು. ರೈಲಿನವರು ಪೂರ್ತಿ ಟಿಕೆಟ್ ತೆಗೆದುಕೊಂಡರು, ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತಲ್ಲ. ಕೆಂಗೇರಿಯಿಂದ ಬಿಡದಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ನೋಡಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದು ಅವರ ಕೈಗೇ ಕೊಟ್ಟರು. ದುಡ್ಡಿಲ್ಲದ ಟಿಕೆಟ್ ಆದರೂ ಅದು ಅವರ ಹೆಸರಿನ ಸೀಟು. ಬಿಟ್ಟವಳು ನಾನೊಬ್ಬಳೇ.

ಕೌಂಟರಿನ ಹುಡುಗ ತುಂಬಾ ಒಳ್ಳೆಯವನು. ಮಾತು ಕೇಳಿದರೆ ರಾಯಚೂರು ಕಡೆಯವನು ಅನಿಸಿತು. ನಾನು ತಡವರಿಸುತ್ತಾ, "ನಮ್ಮತ್ತೆ... ಒಂದು ರಾತ್ರಿ ತಾನೇ, ಅಡ್ಜಸ್ಟ್ ಮಾಡ್ಕೋತೀವಿ" ಅಂದೆ. ಅವನು ಎರಡನೇ ರೂಮ್ ತಗೊಳ್ಳಿ ಅಂತ ಹಿಡಿದು ಕೂರಬಹುದಿತ್ತು. "500 ಕೊಡಿ, ಎಕ್ಸ್‌ಟ್ರಾ ಬೆಡ್ ಹಾಕಿಸ್ತೀನಿ. ಆದ್ರ ಅಮ್ಮಾರ ಹೆಸರು ಬರೀಲೇಬೇಕ್ರಿ" ಅಂದ. ಐನೂರು! ಮೊದಲೇ ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಬಿಸಿನೀರಿನ ಬಗ್ಗೆ ಕೇಳಿದ ನಾನು ಅದನ್ನು ಕೇಳಿರಲಿಲ್ಲ.

ನಮ್ಮನೆಯವರು ಸುಮ್ಮನೆ ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಅವರ ತಾಯಿ. ಅವರಿಗೆ ಏನನಿಸಿತೋ, ಈ ತನಕ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ.

ಹುಡುಗ ಆ ಉದ್ದನೆಯ ರಿಜಿಸ್ಟರನ್ನು ಎತ್ತಿಕೊಂಡು ಕುರ್ಚಿಯ ಹತ್ತಿರವೇ ಬಂದ. ಅತ್ತೆ ಬ್ಯಾಗ್ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದರು. ನಾಲ್ಕನೇ ಕ್ಲಾಸ್ ಓದಿದ ಕೈ. ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ ಬರೆದರು. ಕೊನೆಯ ಅಕ್ಷರದ ಒತ್ತು ಕೆಳಗಿನ ಗೆರೆ ದಾಟಿ ಹೋಯಿತು. ಹುಡುಗ ಅವಸರ ಮಾಡಲಿಲ್ಲ.

ಸ್ನಾನ ಮುಗಿಸಿ, ಅತ್ತೆ ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ ರೂಮಿನಲ್ಲೇ ತಿಂದೆವು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಬಿಡದಿಯಲ್ಲಿ ಇಳಿದು ಒಂದೊಂದು ತಟ್ಟೆ ಇಡ್ಲಿಯೂ ಆಯಿತು.

ಪಾರ್ಕಿನಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಫ್ರೀ, 140ರ ತನಕ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ನನ್ನ ಮಗಳಿಗೆ ಹನ್ನೊಂದು. ಲಾಡ್ಜಿನಲ್ಲಿ ಮಗು. ಎತ್ತರ ಮಾತ್ರ 143. ಅಳತೆಯ ಗೆರೆ ಹತ್ತಿರ ಬರುತ್ತಲೇ ಅವಳು ನನ್ನ ಕೈ ಎಳೆದು, ಕಿವಿಯಲ್ಲಿ ಕೇಳಿದಳು.

"ಅಮ್ಮಾ, ಸ್ವಲ್ಪ ಬಗ್ಗಿ ನಿಂತ್ಕೊಳ್ಳಲಾ?"

ನನಗೆ ಎದೆ ಧಸಕ್ ಅಂದಿತು. ಬಗ್ಗಿ ನಿಂತ್ಕೋ ಅಂತ ನಾನು ಹೇಳಿಕೊಟ್ಟಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅವತ್ತು ಬೆಳಗ್ಗೆ ಲಾಡ್ಜಿನ ಕೌಂಟರಿನ ಮುಂದೆ ಅವಳೂ ನಿಂತಿದ್ದಳು. ರೂಮ್ ಬುಕ್ ಮಾಡಿದ ರಾತ್ರಿ ಮನೆಯಲ್ಲಿ ಅಜ್ಜಿ "ಲೆಕ್ಕಕ್ಕೆ ಹಿಡಿಬ್ಯಾಡ" ಅಂದಾಗ ಪಕ್ಕದಲ್ಲೇ ಹೋಂವರ್ಕ್ ಬರೆಯುತ್ತಿದ್ದಳು. ಆರು ವರ್ಷದ ಮಗನಿಗೆ ಇಂಥದ್ದೊಂದು ಯೋಚನೆಯೇ ಬರಲಿಲ್ಲ. ಅವನು ಇನ್ನೂ ಉದ್ದ ಕಾಣಲಿ ಅಂತ ತುದಿಗಾಲಲ್ಲಿ ನಿಂತಿದ್ದ.

"ನೆಟ್ಟಗೆ ನಿಂತ್ಕೋ ಪುಟ್ಟಾ" ಅಂದೆ. ದೊಡ್ಡವರ ಟಿಕೆಟ್ ತೆಗೆದುಕೊಂಡೆವು.

ನಮ್ಮ ಕಡೆ ಹೆಣ್ಣುಮಕ್ಕಳು ತಮ್ಮನ್ನು ತಾವೇ ಲೆಕ್ಕದಿಂದ ಬಿಡುವುದನ್ನು ಎಲ್ಲಿ ಕಲಿಯುತ್ತಾರೆ ಅಂತ ಯಾರೂ ಕೇಳಬೇಕಾಗಿಲ್ಲ. ನಾನು ಚಿಕ್ಕವಳಿದ್ದಾಗ ಧರ್ಮಸ್ಥಳಕ್ಕೆ ಹೋದರೆ ನಾವೆಲ್ಲ ಒಂದೇ ರೂಮಿನಲ್ಲಿ ಮಲಗುತ್ತಿದ್ದೆವು. ಅಮ್ಮ ಮಲಗುತ್ತಿದ್ದದ್ದು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಹೊದಿಕೆ ಸಾಲದೆ ಬಂದರೆ ಅವಳದು ಸೆರಗು. ಹೋಟೆಲಿನಲ್ಲಿ ನಾಲ್ಕು ಮಸಾಲೆ ದೋಸೆ ಹೇಳಿದರೆ ಐದನೆಯವಳು "ನನಗೆ ಹಸಿವಿಲ್ಲ" ಅನ್ನುತ್ತಿದ್ದಳು. ಟ್ರಿಪ್ ಕಡಿಮೆ ಖರ್ಚಿನಲ್ಲಿ ಮುಗೀತು ಅಂತ ಅಪ್ಪ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಕಡಿಮೆ ಯಾರ ಪಾಲಿನಿಂದ ಆಯಿತು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಹೋದ ತಿಂಗಳು ಬೆಣ್ಣೆದೋಸೆ ಹೋಟೆಲಿನಲ್ಲಿ ನಾನೂ ಹಾಗೇ ಅಂದೆ, "ನೀವು ತಿನ್ನಿ, ಉಳಿದರೆ ನಾನು ತಿಂತೀನಿ" ಅಂತ. ನನಗೆ ಹಸಿವಿತ್ತು. ಮಗಳು ಅವತ್ತೂ ಎದುರಿಗೇ ಕೂತಿದ್ದಳು.

ಒಳಗೆ ಹೋದ ಮೇಲೆ ಅತ್ತೆ ಮತ್ತೆ ಅದೇ ಶುರು ಮಾಡಿದರು. "ಲಾಕರ್‌ಗೆ ಯಾಕೆ ದುಡ್ಡು ಹಾಕ್ತೀರಿ, ನಾನಿಲ್ವಾ? ಬ್ಯಾಗ್ ಹಿಡ್ಕಂಡು ಕುಂತಿರ್ತೀನಿ, ಹೋಗ್ರಿ ನೀವು." ಈ ಸಲ ನಾನು ಕೇಳಲಿಲ್ಲ. ಲಾಕರ್ ತೆಗೆದುಕೊಂಡು ಎಲ್ಲ ಬ್ಯಾಗ್ ತುಂಬಿಸಿದೆ. ಅತ್ತೆಯ ಕೈ ಖಾಲಿಯಾಯಿತು. ಪಾಪ, ಆ ಕೈಗಳನ್ನು ಏನು ಮಾಡಬೇಕು ಅಂತಲೇ ಅವರಿಗೆ ಗೊತ್ತಾಗಲಿಲ್ಲ. ಒಂದು ಸಲ ಹಿಂದೆ ಕಟ್ಟಿಕೊಂಡರು, ಒಂದು ಸಲ ಸೆರಗು ಸುತ್ತಿಕೊಂಡರು. ಆಮೇಲೆ ಮೊಮ್ಮಗ ಒಂದು ಕೈ ಹಿಡಿದು ಎಳೆದುಕೊಂಡು ಹೋದ. ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಬೇಕು, ಸೀರೆಯಲ್ಲಿ ಬಿಡುವುದಿಲ್ಲ. ಅದಕ್ಕೆ ಅವರು ಒಪ್ಪಲಿಲ್ಲ. ಮಕ್ಕಳ ಜೊತೆ ಕುದುರೆ ತಿರುಗಣಿಯಲ್ಲಿ ಕೂತರು. ಮೊದಲ ಸುತ್ತಿನಲ್ಲಿ ಕಂಬವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದವರು ಮೂರನೇ ಸುತ್ತಿಗೆ ಒಂದು ಕೈ ಬಿಟ್ಟು ನಮ್ಮ ಕಡೆ ಬೀಸಿದರು. ಆ ಫೋಟೋ ಇದೆ ನನ್ನ ಹತ್ತಿರ.

ರಾತ್ರಿ ಎಕ್ಸ್‌ಟ್ರಾ ಬೆಡ್ ಬಂತು. ಎಕ್ಸ್‌ಟ್ರಾ ಬೆಡ್ ಅಂದರೆ ನೆಲದ ಮೇಲೆ ಹಾಸುವ ತೆಳು ಹಾಸಿಗೆ, ಒಂದು ದಿಂಬು, ಒಂದು ರಗ್ಗು. ಅತ್ತೆ ಸೀದಾ ಅದರ ಮೇಲೆ ಕೂತರು. ಮಗಳು ಬಿಡಲಿಲ್ಲ. "ಅಜ್ಜಿ ಮಂಚದ ಮೇಲೆ. ಕೆಳಗೆ ನಾನು, ಅಪ್ಪ" ಅಂತ ತೀರ್ಮಾನ ಕೊಟ್ಟು ದಿಂಬು ಎತ್ತಿಕೊಂಡು ಇಳಿದೇ ಬಿಟ್ಟಳು. ಅವಳು ನೆಲಕ್ಕೆ ಇಳಿದದ್ದು ನೋಡಿ ನನಗೆ ಖುಷಿಯೂ ಆಯಿತು, ಒಂಥರಾ ಸಂಕಟವೂ ಆಯಿತು. ಮತ್ತೆ ಅವಳೇ ಬಿಟ್ಟುಕೊಟ್ಟಳಲ್ಲ. ನಾನೇ ಇಳಿಯಬೇಕಿತ್ತು ಅಂತ ಆಮೇಲೆ ಅನಿಸಿತು. ನಡುರಾತ್ರಿ ಎಚ್ಚರವಾಗಿ ನೋಡಿದರೆ ಅತ್ತೆ ಮಂಚದ ಅಂಚಿನಲ್ಲಿ, ಒಂದು ಗೇಣು ಜಾಗದಲ್ಲಿ, ಪಕ್ಕಕ್ಕೆ ತಿರುಗಿ ಮಲಗಿದ್ದರು. ನನಗೂ ಮಗನಿಗೂ ನಡುವೆ ಇನ್ನೊಬ್ಬರು ಮಲಗುವಷ್ಟು ಜಾಗ ಖಾಲಿ ಇತ್ತು. ನಾನು ಮಗನನ್ನು ನನ್ನ ಕಡೆ ಎಳೆದುಕೊಂಡು, "ಅತ್ತೆ, ಈ ಕಡೆ ಸರೀರಿ, ಬಿದ್ದೀರ" ಅಂದೆ. ನಿದ್ದೆಗಣ್ಣಿನಲ್ಲೇ "ಸಾಕು ಬಿಡಮ್ಮ, ಇಷ್ಟು ಸಾಕು" ಅಂದರು. ನಾನು ತೋಳು ಹಿಡಿದು ಸರಿಸಿದೆ. ಹಗುರವಾಗಿದ್ದರು.

ಏಪ್ರಿಲ್ ರಜೆಗೆ ಮೈಸೂರಿನ ಜಿಆರ್‌ಎಸ್ ಪಾರ್ಕಿಗೆ ಹೋಗೋಣ ಅಂತ ಮಗ ಈಗಲೇ ಹಟ ಹಿಡಿದಿದ್ದಾನೆ. ಐದು ಜನಕ್ಕೆ ಅಂತಲೇ ರೂಮ್ ಕೇಳುತ್ತೇನೆ. ಮೂರು ಜನ ದೊಡ್ಡವರು ಅಂತ ಮೊದಲು ಹೇಳಿ, ಆಮೇಲೆ ರೇಟ್ ಕೇಳುತ್ತೇನೆ. ದುಡ್ಡು ಸಾಲದಿದ್ದರೆ ಇನ್ನೊಂದು ತಿಂಗಳು ತಡವಾಗಿ ಹೋದರಾಯಿತು.

ಮೊನ್ನೆ ಸಂಜೆ ಪಕ್ಕದ ಮನೆಯವರು ಬಂದು ಅತ್ತೆಯ ಜೊತೆ ಕಟ್ಟೆ ಮೇಲೆ ಕೂತಿದ್ದರು. ಬೆಂಗಳೂರು ಹೆಂಗಿತ್ತು ಅಂತ ವಿಚಾರಿಸುತ್ತಿದ್ದರು. ನಾನು ಒಳಗೆ ಟೀ ಸೋಸುತ್ತಿದ್ದೆ. ಅತ್ತೆ ಪಾರ್ಕಿನ ಸುದ್ದಿ ಹೇಳುತ್ತಾರೆ, ಕುದುರೆ ತಿರುಗಣಿ ಸುದ್ದಿ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಅವರು ಲಾಡ್ಜಿನಿಂದ ಶುರು ಮಾಡಿದರು.

"ದೊಡ್ಡ ಬುಕ್ಕು ಕಣೇ. ನಾನು ಕುಂತಲ್ಲಿಗೇ ತಂದ ಆ ಹುಡುಗ. ನನ್ನ ಹೆಸರು ಬರಕಂಡು, ಸೈನ್ ಹಾಕಿಸ್ಕಂಡ."

ಟೀ ಲೋಟ ಹಿಡಿದು ಹೊರಗೆ ಬಂದೆ. ಅತ್ತೆ ಕಟ್ಟೆಯ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಿದ್ದರು, ಒಂದೊಂದೇ ಅಕ್ಷರ.