ಅಕ್ಟೋಬರ್ ಮಳೆಯಲ್ಲಿ ಆಗುಂಬೆ ದಾರಿಯ ನಾಟಕ ತಿರುಗಾಟ

ಯಕ್ಷಗಾನ ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟ ಹೊರಟು ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆ ನೋಡಿಯೇ ಹಿರಿಯರು ಹಾಕಿದ ಲೆಕ್ಕ ಅದು. ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿಯುವ ಹವ್ಯಾಸಿ ತಂಡಕ್ಕೆ ಆ ಅನುಕೂಲವಿಲ್ಲ. ಎಲ್ಲರಿಗೂ ಒಟ್ಟಿಗೆ ರಜೆ ಸಿಗುವುದು ದಸರೆಯಲ್ಲಿ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುತ್ತದೆ, ಮಲೆನಾಡಿನಲ್ಲಿ ಮಧ್ಯಾಹ್ನ ದಾಟಿತೆಂದರೆ ಗುಡುಗು ಶುರು. ಹಾಗೆಂದು ಮನೆಯಲ್ಲಿ ಕೂರಬೇಕಿಲ್ಲ, ಮಳೆಗೆ ತಕ್ಕಂತೆ ನಾಟಕವನ್ನು ಕಟ್ಟಿಕೊಂಡು ಹೊರಟರಾಯಿತು.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು 300 ಕಿ.ಮೀ. ಮಿನಿ ಬಸ್ಸಿಗೆ ಸಾಮಾನು ತುಂಬುವಾಗ ಟಾರ್ಪಾಲು, ಹಗ್ಗ, ಗುದ್ದಲಿ ಕಡೆಯಲ್ಲಿ ಹೋಗಬೇಕು, ಇಳಿದ ಕೂಡಲೇ ಬೇಕಾಗುವುದು ಅವೇ. ಪರದೆ, ಉಡುಪುಗಳನ್ನು ಮೇಲಿನ ಕ್ಯಾರಿಯರ್‌ಗೆ ಏರಿಸಬಾರದು. ಹಗ್ಗ ಉಜ್ಜಿದ ಕಡೆ ಟಾರ್ಪಾಲು ಸವೆದು ನೀರು ಒಳಗಿಳಿಯುತ್ತದೆ. ಒಬ್ಬೊಬ್ಬ ನಟರ ಉಡುಪನ್ನೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರಂಕಿಗೆ ಹಾಕಿದರೆ ಒಂದು ಚೀಲ ನೆನೆದರೂ ಉಳಿದವು ಉಳಿಯುತ್ತವೆ.

ಶಿವಮೊಗ್ಗ ದಾಟಿದರೆ ತುಂಗೆಯ ಬಗಲಿನ ದಾರಿ: ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಒಟ್ಟು 60 ಕಿ.ಮೀ. ಆಸುಪಾಸು. ಈ ಭಾಗದ ಹಳ್ಳಿಗಳಲ್ಲಿ ಅಕ್ಟೋಬರ್ ಎಂದರೆ ಅಡಿಕೆ ಕೊಯ್ಲು ಶುರುವಾಗುವ ಕಾಲ. ರಾತ್ರಿ ಮನೆಮಂದಿಯೆಲ್ಲ ಸುಲಿಯಲು ಕೂರುತ್ತಾರೆ. ಊರವರನ್ನು ಕೇಳದೆ ಹೊತ್ತು ಗೊತ್ತುಮಾಡಿದರೆ ಮಳೆ ಬಿಟ್ಟರೂ ಜನ ಬರುವುದಿಲ್ಲ.

ಶಾಲೆಯ ಮೈದಾನದಲ್ಲಿ ರಂಗಕ್ಕೆ ಜಾಗ ಹುಡುಕುವಾಗ ಮೊದಲು ನೀರು ಎತ್ತ ಹರಿಯುತ್ತದೆಂದು ನೋಡಬೇಕು. ಎತ್ತರದ ಮೂಲೆ ಹಿಡಿದು ಸುತ್ತ ಅರ್ಧ ಅಡಿ ಆಳದ ಕಾಲುವೆ ತೋಡಿದರೆ ಅರ್ಧ ಕೆಲಸ ಮುಗಿಯಿತು. ಕೆಸರಿನ ಮೇಲೆ ಹುಲ್ಲು ಹಾಸುವುದು ಬೇಡ, ನೆನೆದ ಹುಲ್ಲು ಜಾರುತ್ತದೆ. ಮರಳು ಅಥವಾ ಸಾಮಿಲ್ಲಿನ ಹೊಟ್ಟು ಒಳ್ಳೆಯದು.

ಟಾರ್ಪಾಲನ್ನು ಚಪ್ಪಟೆಯಾಗಿ ಕಟ್ಟುವುದು ಎಲ್ಲ ಕಡೆ ಕಾಣುವ ತಪ್ಪು. 20×30 ಅಡಿಯ ಟಾರ್ಪಾಲಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 550 ಲೀಟರ್ ನೀರು, ಎಂದರೆ ಅರ್ಧ ಟನ್ನಿಗೂ ಹೆಚ್ಚು. ನಡುವೆ ಒಂದು ಕಡೆ ಜೋತುಬಿದ್ದರೆ ಸಾಕು, ನೀರೆಲ್ಲ ಅಲ್ಲಿಗೇ ಸೇರಿ ಕಂಬ ಎಳೆಯುತ್ತದೆ. ಮುಂದಿನ ಕಂಬ ಹಿಂದಿನದಕ್ಕಿಂತ ನಾಲ್ಕೈದು ಅಡಿಯಾದರೂ ಎತ್ತರವಿರಲಿ, ನೀರು ಪ್ರೇಕ್ಷಕರ ಕಡೆ ಸುರಿಯದೆ ಹಿಂದಕ್ಕಿಳಿಯಲಿ. ಹಿಂಪರದೆಯ ನಾಲ್ಕೂ ಅಂಚು ಬಿಗಿದರೆ ಅದು ದೋಣಿಯ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಕೆಳಗಿನ ಅಂಚನ್ನು ಸಡಿಲ ಬಿಟ್ಟು, ಗಾಳಿ ಜೋರಾದರೆ ಪರದೆಯನ್ನೇ ಇಳಿಸಿ ಆಡಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಬೆಳಕಿಗೆ. 1000 ವಾಟ್‌ನ ಆರು ಪಾರ್ ದೀಪ ಹಚ್ಚಿದರೆ 230 ವೋಲ್ಟ್‌ನಲ್ಲಿ 26 ಆಂಪಿಯರ್ ಎಳೆಯುತ್ತವೆ. ಹಳ್ಳಿಯ ಸಾಮಾನ್ಯ ಸಿಂಗಲ್ ಫೇಸ್ ಸಂಪರ್ಕ ಅಷ್ಟು ಹೊರೆ ತಾಳದಿರಬಹುದು. ಕಾದ ಗಾಜಿಗೆ ಮಳೆಹನಿ ತಾಗಿದರೆ ಸಿಡಿಯುವುದೂ ಉಂಟು. ಮಳೆಯ ಪ್ರವಾಸಕ್ಕೆ ಎಲ್‌ಇಡಿ ದೀಪಗಳೇ ಸರಿ, ಅದೂ ದೂಳು, ನೀರು ತಡೆಯುವ ಐಪಿ65 ಗುರುತಿನವು. ವೈರಿನ ಜೋಡಣೆ ನೆಲ ಮುಟ್ಟದಂತೆ ಕಂಬಕ್ಕೆ ತೂಗುಬಿಟ್ಟು ಮೇಲೊಂದು ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿ. ಜೋಡಣೆಗೆ ಮೊದಲು ವೈರು ಒಂದು ಗೇಣು ಕೆಳಗೆ ಜೋತಿರಲಿ, ಅದರ ಮೇಲೆ ಹರಿದುಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದೆ ಒಂದು ದೀಪವನ್ನೂ ಹಚ್ಚಬೇಡಿ. ಅದು ಟ್ರಿಪ್ ಆದರೆ ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕುತ್ತ ಬನ್ನಿ, ಒದ್ದೆಯಾದ ಜೋಡಣೆ ಸಿಕ್ಕೇ ಸಿಗುತ್ತದೆ. ನಾಟಕ ನಿಂತೀತೆಂಬ ಅವಸರದಲ್ಲಿ ಈ ಸ್ವಿಚ್ಚನ್ನೇ ತಪ್ಪಿಸಿ ನೇರ ಲೈನ್ ಕೊಡುವವರಿದ್ದಾರೆ. ನಟರು ಬರಿಗಾಲಲ್ಲಿ ಒದ್ದೆ ನೆಲದ ಮೇಲಿರುತ್ತಾರೆ ಎಂಬುದನ್ನು ಮರೆಯಲೇಬಾರದು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ. ಆಟ ನಿಲ್ಲಿಸಿ, ಜನರನ್ನು ಮರದಡಿಯಿಂದ ಎಬ್ಬಿಸಿ ಕಟ್ಟಡದೊಳಗೆ ಕಳಿಸಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು.

ಬದಲಿ ಜಾಗ ಸಾಮಾನ್ಯವಾಗಿ ಶೀಟಿನ ಮಾಡಿನ ಸಮುದಾಯ ಭವನ. ಅಲ್ಲಿ ಮಳೆಯ ಸದ್ದಿಗೆ ಮಾತು ಮುಳುಗುತ್ತದೆ, ಮೈಕು ಅದನ್ನೂ ಸೇರಿಸಿ ಹೆಚ್ಚಿಸುತ್ತದೆ. ಮೈಕು ಬಿಟ್ಟು ಪ್ರೇಕ್ಷಕರನ್ನು ಮೂರು ಕಡೆ ಹತ್ತಿರ ಕೂರಿಸಿ. ಮಳೆ ಬಿರುಸಾದಾಗ ಮಾತು ತಡೆದು ಹಾಡು, ನಡೆ ಮುಂದುವರಿಯಲಿ, ಇದನ್ನು ತಾಲೀಮಿನಲ್ಲೇ ಅಭ್ಯಾಸ ಮಾಡಿರಬೇಕು. ಒಳಗೋ ಹೊರಗೋ ಎಂಬುದು ಮಧ್ಯಾಹ್ನ ಮೂರಕ್ಕೆ ತೀರ್ಮಾನವಾಗಲಿ. ಅದಕ್ಕಿಂತ ತಡವಾದರೆ ಬೆಳಕು ಬದಲಿಸಲು ಹೊತ್ತಿರುವುದಿಲ್ಲ.

ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಬಯಲಾಟದ ಆಸೆ ಬೇಡ. ಮಧ್ಯಾಹ್ನದೊಳಗೆ ಘಟ್ಟ ಇಳಿದುಬಿಡುವುದು ಕ್ಷೇಮ, ಸಂಜೆಯ ಮಂಜಿನಲ್ಲಿ 14 ತಿರುವು ಕಷ್ಟ. ಮಳೆಗಾಲದಲ್ಲಿ ಇಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ಲಾರಿಯಿದ್ದರೆ ಮೊದಲೇ ವಿಚಾರಿಸಿ.

ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ ಕಡೆ ಬಂದರೆ ತೊಂದರೆ ತೇವದ್ದು. ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂ ಮರ ಉಬ್ಬಿ ಮನೆಗಳು (ಕೀಗಳು) ಒತ್ತಿದಲ್ಲೇ ಕೂರುತ್ತವೆ. ಎರಡನ್ನೂ ಬಟ್ಟೆ ಸುತ್ತಿ ಒಳಗಿಡಿ, ಆಟಕ್ಕೆ ಅರ್ಧ ಗಂಟೆ ಮೊದಲು ಶ್ರುತಿ ಮಾಡಿ. ಮೀಸೆ ಅಂಟಿಸುವ ಸ್ಪಿರಿಟ್ ಗಮ್ ಬೆವತ ಮೇಲ್ದುಟಿಗೆ ಹಿಡಿಯುವುದಿಲ್ಲ, ಮೊದಲು ಪೌಡರ್ ಹಚ್ಚಿ ಒರೆಸಬೇಕು. ಇಲ್ಲವೇ ಮೀಸೆಯನ್ನು ಪೆನ್ಸಿಲ್ಲಿನಲ್ಲಿ ಬರೆದರೂ ಸಾಕು.

ಊರಿಗೆ ಮರಳಿದ ದಿನವೇ ಟ್ರಂಕುಗಳನ್ನು ಬಿಚ್ಚಿ ಪರದೆಗಳನ್ನು ನೆರಳಲ್ಲಿ ಹರವಿ. ಒದ್ದೆ ಕಪ್ಪು ಬಟ್ಟೆ ಮಡಿಸಿದಲ್ಲೇ ಬಿದ್ದಿದ್ದರೆ ಬೇಗ ಬೂಷ್ಟು ಹಿಡಿಯುತ್ತದೆ, ಆ ಕಲೆ ರಂಗದ ಬೆಳಕಿನಲ್ಲಿ ಬೂದಿ ಬಣ್ಣಕ್ಕೆ ಎದ್ದು ಕಾಣುತ್ತದೆ.