ಕೊನೆಯ ಬೇಲಿ ದಾಟಿದ ಮೇಲಿನ ಏರು

ಸ್ವಿಂಡನ್‌ನಿಂದ ಚೆಲ್ಟ್‌ನಮ್‌ಗೆ ಹೋಗುವ ರೈಲು ಗ್ಲಾಸ್ಟರ್‌ನಲ್ಲಿ ದಿಕ್ಕು ಬದಲಿಸುತ್ತದೆ. ಅಲ್ಲಿಯತನಕ ಮುಂದಕ್ಕೆ ಮುಖಮಾಡಿ ಕೂತಿದ್ದ ನಾನು ಅಲ್ಲಿಂದಾಚೆಗೆ ಹಿಮ್ಮುಖವಾಗಿ ಹೋದೆ. ಕೂತವರಿಗಿಂತ ನಿಂತವರೇ ಹೆಚ್ಚು. ಉಣ್ಣೆಯ ಚೌಕಳಿ ಕೋಟು, ಚಪ್ಪಟೆ ಟೋಪಿ, ಕಂಕುಳಲ್ಲಿ ಮಡಿಸಿದ ರೇಸಿಂಗ್ ಪತ್ರಿಕೆ, ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲ್ ಗೀಟು. ಅಕ್ಕನ ಮಗ ನನ್ನ ಕಿವಿಯ ಹತ್ತಿರ ಬಂದು, "ಮಾವ, ದಸರಾ ಟೈಮಲ್ಲಿ ಮೈಸೂರು ಪ್ಯಾಸೆಂಜರ್ ಹಿಂಗೇ ಇರುತ್ತಲ್ವಾ?" ಅಂದ. ಅದು 2025ರ ಮಾರ್ಚ್ 11, ಮಂಗಳವಾರ. ಇಂಗ್ಲೆಂಡಿನ ಚೆಲ್ಟ್‌ನಮ್‌ನಲ್ಲಿ ನಡೆಯುವ ಕುದುರೆ ಓಟದ ಹಬ್ಬದ ಮೊದಲ ದಿನ.

ನಾನು ಮೈಸೂರಿನವನು. ಚಾಮುಂಡಿ ಬೆಟ್ಟದ ಬುಡದಲ್ಲಿರುವ ರೇಸ್ ಕೋರ್ಸಿನ ಸುತ್ತಮುತ್ತ ಆಡಿ ಬೆಳೆದವನು. ಅಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಬೆಳಗಿನ ಜಾವ ಕುದುರೆಗಳನ್ನು ಓಡಿಸುವುದನ್ನು ನೋಡಲು ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಜೂಜಿನ ಕಡೆ ಅವರು ತಲೆ ಹಾಕಿದವರಲ್ಲ. "ಕುದುರೆ ಮುಖ ನೋಡಿ ಮರುಳಾಗಬೇಡ, ಹಿಂದೆ ನಿಂತು ನೋಡು. ಬಲವೆಲ್ಲ ಹಿಂಗಾಲಲ್ಲಿದೆ" ಅನ್ನುತ್ತಿದ್ದರು. ನಮ್ಮಲ್ಲಿ ನಡೆಯುವುದೆಲ್ಲ ಸಮತಟ್ಟು ನೆಲದ ಓಟ. ಬೇಲಿ ಹಾರುವ ಓಟವನ್ನು ಇಷ್ಟು ವರ್ಷ ಟಿವಿಯಲ್ಲಷ್ಟೇ ಕಂಡಿದ್ದೆ. ಕಣ್ಣಾರೆ ನೋಡಬೇಕು, ಅಲ್ಲಿಯ ದೊಡ್ಡ ಕುದುರೆಗಳನ್ನು ಅಪ್ಪ ಹೇಳಿಕೊಟ್ಟ ಹಾಗೆ ಅಳೆದು ನೋಡಬೇಕು ಅನ್ನುವುದು ಬಹಳ ದಿನದ ಆಸೆಯಾಗಿತ್ತು.

ಈ ಆಟಕ್ಕೆ ಸ್ಟೀಪಲ್‌ಚೇಸ್ ಅನ್ನುವ ಹೆಸರು ಬಂದದ್ದು ಚರ್ಚಿನ ಗೋಪುರದಿಂದ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂದ್ಯ ಕಟ್ಟಿ, ಬಟೆವಂಟ್ ಊರಿನ ಚರ್ಚಿನಿಂದ ಡೋನರೈಲ್ ಊರಿನ ಚರ್ಚಿನವರೆಗೆ, ದಾರಿಯಲ್ಲಿ ಸಿಕ್ಕ ಗೋಡೆ, ಹಳ್ಳ, ಬೇಲಿಗಳನ್ನೆಲ್ಲ ಹಾರಿಸುತ್ತ ಕುದುರೆ ಓಡಿಸಿದರಂತೆ. ದೂರದ ಗೋಪುರದ ಮೊನೆಯೇ ಗುರಿ. ಇವತ್ತಿಗೂ ಈ ಓಟದ ಜೀವ ಇರುವುದು ಐರ್ಲೆಂಡಿನಲ್ಲೇ. ಚೆಲ್ಟ್‌ನಮ್ ಇಂಗ್ಲೆಂಡಿನ ನೆಲವಾದರೂ ಆ ನಾಲ್ಕು ದಿನ ಕಿವಿಗೆ ಬೀಳುವ ಮಾತಿನಲ್ಲಿ ಅರ್ಧಕ್ಕರ್ಧ ಐರಿಷ್ ಧಾಟಿ.

ಮಂಗಳವಾರಕ್ಕೆ ನಾವು ಕೊಂಡಿದ್ದು ಕಡಿಮೆ ದರದ ಟಿಕೆಟ್, ಟ್ರ್ಯಾಕಿನ ಒಳಬದಿಯ ಬೆಸ್ಟ್ ಮೇಟ್ ಆವರಣಕ್ಕೆ. ಪ್ಯಾಡಕ್ಕಿಗೆ, ಅಂದರೆ ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತಾಡಿಸುವ ಅಂಗಳಕ್ಕೆ, ಹೋಗುವ ಹಾಗಿಲ್ಲ, ಆದರೆ ಬೇಲಿಗಳು ಹತ್ತಿರ. ನನಗೆ ಬೇಕಾಗಿದ್ದೂ ಅದೇ. ಎದುರಿಗೆ ಕ್ಲೀವ್ ಬೆಟ್ಟ. ಚಾಮುಂಡಿಯಷ್ಟು ಕಡಿದಲ್ಲ, ಉದ್ದಕ್ಕೆ ಮಲಗಿದ ಎಮ್ಮೆಯ ಬೆನ್ನಿನ ಹಾಗಿದೆ. ಆದರೂ ರೇಸ್ ಕೋರ್ಸ್ ಮತ್ತು ಅದರ ನೆತ್ತಿಯ ಮೇಲೊಂದು ಬೆಟ್ಟ, ಎರಡನ್ನೂ ಒಟ್ಟಿಗೆ ಕಂಡಾಗ ಎದೆ ತುಂಬಿ ಬಂತು.

ಬೇಲಿಯನ್ನು ಹತ್ತಿರದಿಂದ ನೋಡಿದೆ. ಟಿವಿಯಲ್ಲಿ ಕಾಣುವಂತೆ ಅದು ಮೆತ್ತನೆಯ ಪೊದೆಯಲ್ಲ. ಬರ್ಚ್ ಮರದ ಸಣ್ಣ ಕಡ್ಡಿಗಳನ್ನು ಕಸಪೊರಕೆ ಕಟ್ಟಿದ ಹಾಗೆ ಒತ್ತೊತ್ತಾಗಿ ನಿಲ್ಲಿಸಿ ಬಿಗಿದಿದ್ದಾರೆ. ಎತ್ತರ ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲ. ನೆಲಕ್ಕೆ ತಾಗಿದಂತೆ ಬಿಳಿ ಬಣ್ಣದ ಹಲಗೆಯೊಂದಿದೆ. ಮೊದಲು ಅದು ಕಿತ್ತಳೆ ಬಣ್ಣದ್ದಾಗಿತ್ತು. ಕುದುರೆಯ ಕಣ್ಣಿಗೆ ಕಿತ್ತಳೆಯೂ ಹಸಿರೂ ಬೇರೆಬೇರೆಯಾಗಿ ಕಾಣುವುದಿಲ್ಲ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟ ಮೇಲೆ 2022ರಿಂದ ಬ್ರಿಟನ್ನಿನ ಬೇಲಿಗಳಿಗೆ ಬಿಳಿ ಬಣ್ಣ ಬಂತು. ಅಷ್ಟು ವರ್ಷ ಮನುಷ್ಯನ ಕಣ್ಣಿಗೆ ಎದ್ದು ಕಾಣುವ ಬಣ್ಣ ಬಳಿದು ಕುದುರೆಯನ್ನು ಹಾರಿಸುತ್ತಿದ್ದರಲ್ಲ ಎಂದು ಸಂಕಟವಾಯಿತು.

ಇನ್ನೊಂದು ಬಗೆಯ ತಡೆ ಹರ್ಡಲ್. ಅದು ಇದಕ್ಕಿಂತ ಗಿಡ್ಡ, ಮೂರೂವರೆ ಅಡಿ. ತಾಗಿದರೆ ಬಾಗುತ್ತದೆ. ಹಾಗಾಗಿ ಹರ್ಡಲ್ ಓಟದಲ್ಲಿ ವೇಗ ಹೆಚ್ಚು. ಅಪಾಯ ಕಡಿಮೆ ಅಂತ ನಾನು ಅಂದುಕೊಂಡಿದ್ದೆ. ಆ ಎಣಿಕೆ ಸಂಜೆಯೊಳಗೆ ತಲೆಕೆಳಗಾಯಿತು.

ದಿನದ ಮೊದಲ ಓಟಕ್ಕೆ ಮೈಕೇಲ್ ಓ'ಸಲಿವನ್ ಅವರ ಹೆಸರಿಟ್ಟಿದ್ದರು. 24 ವರ್ಷದ ಆ ಐರಿಷ್ ಜಾಕಿ ಫೆಬ್ರವರಿಯಲ್ಲಿ ಥರ್ಲ್ಸ್ ಎಂಬಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಿದ್ದರು. ಎರಡು ವರ್ಷದ ಹಿಂದೆ ಇದೇ ಓಟವನ್ನು ಮರೀನ್ ನ್ಯಾಷನಾಲ್ ಎಂಬ ಕುದುರೆಯ ಮೇಲೆ ಗೆದ್ದಿದ್ದವರು. ಓಟ ಶುರುವಾಗುವ ಗಳಿಗೆಯಲ್ಲಿ ಇಡೀ ಮೈದಾನ ಒಂದೇ ಕೊರಳಿನಲ್ಲಿ ಕೂಗುತ್ತದೆ, ಅದು ಇಲ್ಲಿಯ ಪದ್ಧತಿ. ಆ ಕೂಗು ನೆಲದಿಂದ ಕಾಲಿಗೆ ಏರಿತು.

ಸಂಜೆ 4ಕ್ಕೆ ಚಾಂಪಿಯನ್ ಹರ್ಡಲ್. ಎರಡು ಮೈಲಿ, ಎಂಟು ಹರ್ಡಲ್. ಎಲ್ಲರ ಕಣ್ಣೂ ಕಾನ್‌ಸ್ಟಿಟ್ಯೂಷನ್ ಹಿಲ್ ಮೇಲೆ. ನಿಕಿ ಹೆಂಡರ್ಸನ್ ತಯಾರು ಮಾಡಿದ ಈ ಕುದುರೆ ಹತ್ತು ಓಟ ಓಡಿ ಹತ್ತನ್ನೂ ಗೆದ್ದಿತ್ತು. 2022ರಲ್ಲಿ ಇದೇ ಮೈದಾನದಲ್ಲಿ 22 ಲೆಂಗ್ತ್, ಅಂದರೆ 22 ಕುದುರೆಯುದ್ದ, ಮುಂದಿತ್ತು, 2023ರಲ್ಲಿ ಚಾಂಪಿಯನ್ ಆಯಿತು, 2024ರಲ್ಲಿ ಕಾಯಿಲೆ ಬಿದ್ದು ಬರಲಿಲ್ಲ. ಆ ವರ್ಷ ಗೆದ್ದ ಸ್ಟೇಟ್ ಮ್ಯಾನ್ ಈಗ ಎದುರಾಳಿ. ಕಾಗದದ ಮೇಲೆ ನೋಡಿದರೆ ಇನ್ನು ಯಾರ ಹೆಸರೂ ಎತ್ತಬೇಕಾಗಿರಲಿಲ್ಲ.

ಐದನೆಯ ಹರ್ಡಲ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಬಿತ್ತು. ಸಾವಿರಾರು ಜನ ಒಟ್ಟಿಗೆ ಉಸಿರು ಒಳಗೆಳೆದುಕೊಂಡ ಸದ್ದು ಕೇಳಿದ್ದೀರಾ? ನಾನು ಅವತ್ತು ಕೇಳಿದೆ. ಸ್ಟೇಟ್ ಮ್ಯಾನ್ ಎಲ್ಲರನ್ನೂ ಹಿಂದೆ ಬಿಟ್ಟು ಕೊನೆಯ ಹರ್ಡಲ್‌ಗೆ ಒಂಟಿಯಾಗಿ ಬಂತು, ಅದೂ ಬಿತ್ತು! ಹಿಂದೆ ಬರುತ್ತಿದ್ದ ಗೋಲ್ಡನ್ ಏಸ್ ಎಂಬ ಹೆಣ್ಣು ಕುದುರೆ, ಜೂಜಿನ ದರ 25ಕ್ಕೆ 1, ಅಂದರೆ 1 ಪೌಂಡ್ ಕಟ್ಟಿದರೆ ಲಾಭ 25, ಗೆದ್ದಿತು. ಅದನ್ನು ಹೆಣ್ಣು ಕುದುರೆಗಳ ಸುಲಭದ ಓಟಕ್ಕೆ ಬಿಡಬಹುದಿತ್ತು. ಯಜಮಾನ ಹಟ ಹಿಡಿದು ದೊಡ್ಡ ಓಟಕ್ಕೇ ಇಳಿಸಿದ್ದರು. ಬಿದ್ದ ಎರಡು ಕುದುರೆಗಳೂ ಎದ್ದು ನಿಂತವು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಅಳುತ್ತಿದ್ದರು, ದುಡ್ಡು ಹೋದ ಅಳು ಅದಲ್ಲ.

ಈ ಕುದುರೆಗಳ ಮೇಲೆ ಜನಕ್ಕೆ ಇಷ್ಟು ಪ್ರೀತಿ ಯಾಕೆ ಅನ್ನುವುದು ನನಗೆ ಅಲ್ಲಿಯೇ ಅರ್ಥವಾದದ್ದು. ಸಮತಟ್ಟು ಓಟದ ದೊಡ್ಡ ಗಂಡು ಕುದುರೆ ಮೂರು ವರ್ಷಕ್ಕೇ ಹೆಸರು ಮಾಡಿ ತಳಿಗೆ ಹೊರಟುಬಿಡುತ್ತದೆ. ಬೇಲಿ ಹಾರುವವು ಬಹುಪಾಲು ಬೀಜ ಒಡೆದವು. ಅವಕ್ಕೆ ಹೋಗಲು ಬೇರೆ ಜಾಗವಿಲ್ಲ. ಹತ್ತು, ಹನ್ನೊಂದು ವರ್ಷದವರೆಗೂ ಪ್ರತಿ ಚಳಿಗಾಲ ಮತ್ತೆ ಬರುತ್ತವೆ. ಊರಿನ ದೇವಸ್ಥಾನದ ಆನೆಯ ಹಾಗೆ ಎಲ್ಲರಿಗೂ ಪರಿಚಯ.

ಬುಧವಾರ ಸ್ವಿಂಡನ್‌ನ ಮನೆಯಲ್ಲೇ ಟಿವಿ ಮುಂದೆ ಕೂತೆವು. ಚಾಂಪಿಯನ್ ಚೇಸ್‌ನಲ್ಲಿ ಜಾನ್‌ಬಾನ್ ಎಂಬ ಕುದುರೆ ಫೇವರಿಟ್. ನಡುವೆ ಒಂದು ಬೇಲಿಗೆ ಎದೆ ಕೊಟ್ಟು ಮುಗ್ಗರಿಸಿ, ಸಾವರಿಸಿಕೊಂಡು ಎರಡನೆಯದಾಗಿ ಬಂತು. ಗೆದ್ದದ್ದು ಮರೀನ್ ನ್ಯಾಷನಾಲ್, ಸತ್ತ ಹುಡುಗ ಗೆಲ್ಲಿಸಿದ್ದ ಅದೇ ಕುದುರೆ. ಜಾಕಿ ಶಾನ್ ಫ್ಲಾನಗನ್ ಆಕಾಶದ ಕಡೆ ಕೈ ಎತ್ತಿದರು. ಅಕ್ಕ ಅಡುಗೆಮನೆಯಿಂದ ಬಂದು ಏನಾಯಿತೆಂದು ಕೇಳಿದಳು. ನನಗೆ ಹೇಳಲಾಗಲಿಲ್ಲ, ಹುಡುಗನೇ ಹೇಳಿದ.

ಗುರುವಾರ ರಾತ್ರಿ ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಮರುದಿನದ ದೊಡ್ಡ ಓಟವಾದ ಗೋಲ್ಡ್ ಕಪ್ಪಿನ ಕುದುರೆಗಳನ್ನು ತೂಗಿದೆವು. ಮೂರು ಮೈಲಿ ಎರಡೂವರೆ ಫರ್ಲಾಂಗ್, ಅಂದರೆ 5.3 ಕಿಲೋಮೀಟರ್ ಹತ್ತಿರ. 22 ಬೇಲಿ. ಗಂಡು ಕುದುರೆಗಳೆಲ್ಲ ಬೆನ್ನ ಮೇಲೆ ಹೊರುವ ತೂಕ ಒಂದೇ, 11 ಸ್ಟೋನ್ 10 ಪೌಂಡ್, ನಮ್ಮ ಲೆಕ್ಕದಲ್ಲಿ 74 ಕಿಲೋ ಮೇಲೆ. ನಮ್ಮ 1200 ಮೀಟರ್ ಓಟ ಒಂದೂಕಾಲು ನಿಮಿಷಕ್ಕೆ ಮುಗಿದರೆ ಇಲ್ಲಿ ಆರೂವರೆ ನಿಮಿಷ ಮೀರುತ್ತದೆ. ಅದರ ಕೊನೆಯಲ್ಲಿ, ಬೇಲಿಯೆಲ್ಲ ಮುಗಿದ ಮೇಲೆ, 200 ಗಜಕ್ಕೂ ಮಿಕ್ಕಿದ ಏರು.

ನನ್ನ ಆಯ್ಕೆ ಗಲೋಪಾಂ ದೆ ಶಾಂ. ವಿಲಿ ಮುಲಿನ್ಸ್ ತಯಾರಿಸಿದ್ದು, ಪಾಲ್ ಟೌನೆಂಡ್ ಸವಾರ. 2023, 2024ರ ಗೋಲ್ಡ್ ಕಪ್ ಎರಡೂ ಅದರದ್ದೇ. ಲೆಪರ್ಡ್ಸ್‌ಟೌನ್‌ನ ಐರಿಷ್ ಗೋಲ್ಡ್ ಕಪ್ ಸತತ ಮೂರು ಸಲ. ಮೂರನೆಯ ಚೆಲ್ಟ್‌ನಮ್ ಕಪ್ ಸಿಕ್ಕರೆ ಮೂರು ಸಲ ಗೆದ್ದ ಕಾಟೇಜ್ ರೇಕ್, ಆರ್ಕಲ್, ಬೆಸ್ಟ್ ಮೇಟ್ ಸಾಲಿಗೆ ಸೇರುತ್ತಿತ್ತು. ದರ 8/13, ಅಂದರೆ 13 ಪೌಂಡ್ ಕಟ್ಟಿ ಗೆದ್ದರೆ ಲಾಭ 8 ಮಾತ್ರ. ಬ್ಯಾನ್‌ಬ್ರಿಜ್ ಡಿಸೆಂಬರಿನಲ್ಲಿ ಕೆಂಪ್ಟನ್‌ನ ಕಿಂಗ್ ಜಾರ್ಜ್ ಓಟ ಗೆದ್ದಿತ್ತು. ಆದರೆ ಕೆಂಪ್ಟನ್ ಅಂಗೈಯಂತೆ ಚಪ್ಪಟೆ. ಅಲ್ಲಿ ಮೂರು ಮೈಲಿ ಓಡಿದ ಉಸಿರು ಇಲ್ಲಿಯ ಏರಿಗೆ ಸಾಲುತ್ತದೆಯೇ ಎಂದು ನನಗೆ ನಂಬಿಕೆ ಬರಲಿಲ್ಲ. ಇನ್ನೊಂದರ ಹೆಸರು ಐನೋದವೇಯುರ್‌ಥಿಂಕಿನ್, ಏಳು ವರ್ಷದ ಕುದುರೆ. ಮೊದಲು ಹೆಸರು ಕೊಟ್ಟಿರಲಿಲ್ಲ, ಕೊನೆ ಗಳಿಗೆಯಲ್ಲಿ 25,000 ಪೌಂಡ್ ಕಟ್ಟಿ ಸೇರಿಸಿದ್ದರು. ಲೆಪರ್ಡ್ಸ್‌ಟೌನ್‌ನಲ್ಲಿ ಗಲೋಪಾಂ ಗೆದ್ದಾಗ ಇದು ನಾಲ್ಕನೆಯದು. "ನಾಲ್ಕನೇದು ಬಂದು ಮೊದಲನೇದನ್ನ ಸೋಲಿಸುತ್ತಾ?" ಎಂದು ನಾನೇ ಅದನ್ನು ಪಕ್ಕಕ್ಕೆ ಸರಿಸಿದೆ.

ಶುಕ್ರವಾರಕ್ಕೆ ದುಬಾರಿ ಟಿಕೆಟ್ಟು, ಪ್ಯಾಡಕ್ ನೋಡುವಂಥದ್ದು. ಒಳಗೆ ಹೋದವನೇ ಆರ್ಕಲ್ ಪ್ರತಿಮೆ ಹುಡುಕಿದೆ. 1964ರಿಂದ 66ರವರೆಗೆ ಮೂರು ಗೋಲ್ಡ್ ಕಪ್. ಕುದುರೆಗಳಿಗೆ ಅಂಕ ಕೊಡುವ ಟೈಮ್‌ಫಾರ್ಮ್ ಸಂಸ್ಥೆ ಅದಕ್ಕೆ ಕೊಟ್ಟ 212 ಅಂಕವನ್ನು ಇದುವರೆಗೆ ಯಾವ ಕುದುರೆಯೂ ಮುಟ್ಟಿಲ್ಲ. ಐರ್ಲೆಂಡಿನಲ್ಲಿ ಆರ್ಕಲ್ ಓಡಿದರೆ ಕುದುರೆಗಳು ಹೊರುವ ತೂಕಕ್ಕೆ ಒಂದು ಪಟ್ಟಿ, ಓಡದಿದ್ದರೆ ಇನ್ನೊಂದು ಎಂದು ನಿಯಮವನ್ನೇ ಬದಲಿಸಬೇಕಾಯಿತಂತೆ. ಕಂಚಿನ ಕುದುರೆಯ ಹಿಂದೆ ಹೋಗಿ ನಿಂತು ಹಿಂಗಾಲು ನೋಡಿದೆ.

ಪ್ಯಾಡಕ್ಕಿನ ಕಂಬಿಗೆ ಒರಗಿ ನಿಂತಾಗ ಪಕ್ಕದಲ್ಲಿ ಟಿಪ್ಪರರಿ ಕಡೆಯ ಒಬ್ಬ ಅಜ್ಜ ಇದ್ದರು. ಗಲೋಪಾಂ ಎದುರಿಗೆ ಹಾದುಹೋಯಿತು. ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು, ತೊಡೆಯ ಸ್ನಾಯು ಒಂದೊಂದು ಹೆಜ್ಜೆಗೂ ಹುರಿಗಟ್ಟುತ್ತಿತ್ತು. ಅಪ್ಪ ಇದ್ದಿದ್ದರೆ ತಲೆದೂಗುತ್ತಿದ್ದರು. ನಾನು ಅಜ್ಜನಿಗೆ ಹಾಗೇ ಹೇಳಿದೆ. ಅವರು ಒಪ್ಪಿದರು. "ಸುಂದರವಾದ ಕುದುರೆ. ಆದರೆ ಲೆಪರ್ಡ್ಸ್‌ಟೌನ್‌ನಲ್ಲಿ ಗೆದ್ದವನನ್ನು ನೋಡಿದೆಯೋ, ಕೊನೆಯ ಬೇಲಿ ಆದಮೇಲೆ ಇನ್ನೂ ಓಡುತ್ತಿದ್ದವನನ್ನು ನೋಡಿದೆಯೋ?" ಎಂದು ಕೇಳಿದರು. ಬೆರಳಿನಿಂದ ಹಸಿರು–ಬಂಗಾರದ ಪಟ್ಟೆಯ ಅಂಗಿ ತೊಟ್ಟ ಜಾಕಿ ಏರುತ್ತಿದ್ದ ಕುದುರೆಯನ್ನು, ನಾನು ಪಕ್ಕಕ್ಕೆ ಸರಿಸಿದ್ದ ಐನೋದವೇಯುರ್‌ಥಿಂಕಿನ್ ಅನ್ನು, ತೋರಿಸಿದರು. "ಹಾರುವಾಗ ಎಲ್ಲವೂ ಚೆಂದವೇ. ಇಳಿದ ಮೇಲೆ ಮೊದಲ ಮೂರು ಹೆಜ್ಜೆ ನೋಡು."

ಓಟದ ಉದ್ದಕ್ಕೂ ನಾನು ಅದನ್ನೇ ನೋಡಿದೆ, ಇಳಿದ ಮೇಲಿನ ಮೂರು ಹೆಜ್ಜೆ. ಗಲೋಪಾಂ ಮೊದಲಿನಿಂದಲೂ ಸಲೀಸಾಗಿ ಹಾರಲಿಲ್ಲ. ಒಂದೆರಡು ಕಡೆ ಬೇಲಿಯ ತುದಿಗೆ ಹೊಟ್ಟೆ ಉಜ್ಜಿತು. ಇಳಿದಾಗ ಕತ್ತು ಕೆಳಗೆ ಹೋಗಿ, ಮತ್ತೆ ಲಯ ಹಿಡಿಯಲು ಎರಡು ಹೆಜ್ಜೆ ಹೆಚ್ಚು ಬೇಕಾಯಿತು. ಒಂದು ಬೇಲಿಯಲ್ಲಿ ಎರಡು ಹೆಜ್ಜೆ ಏನೂ ಅಲ್ಲ. ಬೇಲಿಗೊಂದಷ್ಟು ಉಸಿರು ಹೀಗೆ ಸೋರಿದರೆ ಏರು ಹತ್ತಲು ಏನು ಉಳಿಯುತ್ತದೆ? ಹಸಿರು–ಬಂಗಾರದ ಅಂಗಿಯ ಮಾರ್ಕ್ ವಾಲ್ಷ್ ಅವಸರವಿಲ್ಲದೆ ಹಿಂದೆಯೇ ಇದ್ದರು. ಇಳಿಜಾರಿನಲ್ಲಿ, ಎಷ್ಟೋ ಕುದುರೆ ಮುಗ್ಗರಿಸುವ ಕೊನೆಯಿಂದ ಮೂರನೆಯ ಬೇಲಿಯನ್ನು ದಾಟಿ ತಿರುವು ತೆಗೆದುಕೊಂಡ ಮೇಲೆ ಹತ್ತಿರ ಬಂದರು. ಕೊನೆಯ ಬೇಲಿಯ ಹೊತ್ತಿಗೆ ಟೌನೆಂಡ್ ಕೈ ಆಡಿಸುತ್ತಿದ್ದರು, ವಾಲ್ಷ್ ಸುಮ್ಮನೆ ಕೂತಿದ್ದರು. ಅಲ್ಲಿಗೇ ತೀರ್ಮಾನವಾಗಿತ್ತು. ಏರಿನಲ್ಲಿ ಅಂತರ ಆರು ಲೆಂಗ್ತ್ ಆಯಿತು. ಬೂದು ಬಣ್ಣದ ಜೆಂಟಲ್‌ಮನ್ಸ್‌ಗೇಮ್ ಮೂರನೆಯದು. ಗೆದ್ದ ಕುದುರೆಯ ದರ 15/2 ಇತ್ತು.

ನನ್ನ ಲೆಕ್ಕ ತಪ್ಪಿತ್ತು. ಗೆಲುವುಗಳನ್ನು ಎಣಿಸಿದ್ದೆ, ಸೋತ ಓಟದ ಕೊನೆಯ ಇನ್ನೂರು ಗಜವನ್ನು ನೋಡಿರಲಿಲ್ಲ. ಅಜ್ಜನಿಗೆ ಹೇಳಿ ಕೈ ಕುಲುಕೋಣವೆಂದು ತಿರುಗಿದರೆ ಅವರು ಗೆದ್ದ ಕುದುರೆಯ ಕಡೆ ಹೊರಟ ಗುಂಪಿನಲ್ಲಿ ಸೇರಿಹೋಗಿದ್ದರು.

ಆ ಗುಂಪಿನ ಜೊತೆ ಹೋಗಲು ನನಗೆ ಮನಸ್ಸಾಗಲಿಲ್ಲ. ಈ ಕಡೆ ಗಲೋಪಾಂ ಮೈಯಿಂದ ಹಬೆ ಏಳುತ್ತಿತ್ತು. ಲಗಾಮು ಹಿಡಿದವರು ಬಕೆಟ್ಟಿನ ನೀರನ್ನು ಕತ್ತಿನ ಮೇಲೆ ಸುರಿದರು. ಕುದುರೆ ಕಣ್ಣು ಮುಚ್ಚಿ ತಲೆ ತಗ್ಗಿಸಿತು. ಇನ್ನೊಂದು ಬಕೆಟ್ ತಂದರು. "ಮಾವ, ಬಸ್ಸಿಗೆ ಲೈನ್ ಉದ್ದ ಆಗ್ತಿದೆ" ಎಂದ ಹುಡುಗ. ಎರಡನೆಯ ಬಕೆಟ್ ಖಾಲಿಯಾಗಲಿ ಎಂದೆ. ಅವನೂ ಕಂಬಿಗೆ ಒರಗಿ ನಿಂತ.