ದೋರನಹಳ್ಳಿಯ ಮಣ್ಣು

ಮೈಸೂರು ಸೀಮೆಯ ನಮ್ಮ ದೋರನಹಳ್ಳಿಯ ಸಂತ ಅಂತೋನಿಯವರು ನೇಗಿಲ ಸಾಲಿನಲ್ಲಿ ಸಿಕ್ಕವರು. ಹೊಲ ಉಳುತ್ತಿದ್ದ ರೈತನ ಕಣ್ಣಿಗೆ ಅವರ ಪ್ರತಿಮೆ ಬರೀ ಮರದ ಗೊಂಬೆ, ಮಕ್ಕಳ ಆಟಕ್ಕೆ ಹೋಯಿತು. ಆಮೇಲೆ ಅದೇ ಪ್ರತಿಮೆಗೆ ಅಲ್ಲಿ ದೇವಾಲಯ ಎದ್ದಿತು. ಈ ಸಲ ಜೂನ್ 13ರ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ನಿಂತಾಗ ನನ್ನ ಮನಸ್ಸೆಲ್ಲ ಆ ಮಣ್ಣಿನಲ್ಲೇ ಇತ್ತು.

ನಮ್ಮಜ್ಜಿ ದೇವಾಲಯದ ಒಳಗೆ ಕಾಲಿಡುವ ಮುಂಚೆ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಮ್ಮ ಹಣೆಗೆ ಒತ್ತುತ್ತಿದ್ದಳು. ಮುಂಗಾರಿಗೆ ನೆನೆದ ಮಣ್ಣು, ತಣ್ಣಗಿರುತ್ತಿತ್ತು. ಒಣಗುತ್ತ ಬಂದಂತೆ ಹಣೆ ಬಿಗಿಯುವುದು, ಸಣ್ಣ ಹರಳು ಹುಬ್ಬಿನ ಮೇಲೆ ಉದುರುವುದು. ಒರೆಸಿಕೊಳ್ಳಲು ಹೋದರೆ ಕೈ ಹಿಡಿದುಬಿಡುತ್ತಿದ್ದಳು. "ಇರ್ಲಿ ಬುಡು ಕೂಸೇ, ನಾವೂ ಮಣ್ಣೇ ಕಣ." ಬೂದಿ ಬುಧವಾರ ಹಣೆಗೆ ಬೂದಿ ಹಚ್ಚುತ್ತ ಗುರುಗಳು ಹೇಳುವುದನ್ನೇ ಓದುಬರಹ ಬಾರದ ಆಕೆ ಹಬ್ಬದ ದಿನ ಹೇಳುತ್ತಿದ್ದಳು. ಆ ತಂಪು ಇವತ್ತಿಗೂ ನನ್ನ ಹಣೆಯ ಮೇಲಿದೆ.

ಇಂದಿನ ಜೀವಿಗಳೆಲ್ಲ ಹಿಂದಿನ ಜೀವಿಗಳಿಂದ ನಿಧಾನವಾಗಿ ಬದಲಾಗುತ್ತ ಬಂದವು ಎನ್ನುವ ಜೀವವಿಕಾಸವನ್ನು ಒಪ್ಪಿದರೆ ದೇವರನ್ನು ಬಿಟ್ಟ ಹಾಗೆ ಎಂದು ಹೆದರಿಸುವ ಸಂದೇಶಗಳು ಈಗ ನಮ್ಮವರ ಮೊಬೈಲಿನಲ್ಲೇ ಓಡಾಡುತ್ತಿವೆ. ಓದಿದರೆ ಸಂಕಟವಾಗುತ್ತದೆ. ನಮ್ಮ ಕಥೋಲಿಕ ಧರ್ಮಸಭೆ ಯಾವತ್ತು ಹಾಗೆಂದಿತು? ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿತೇ ಎಂದು ತಿಳಿದವರು ವಿಚಾರ ಮಾಡಲಿ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು 1950ರಲ್ಲೇ ಪೋಪ್ ಹನ್ನೆರಡನೇ ಪಯಸ್ ಬರೆದರು. 1996ರಲ್ಲಿ ಎರಡನೇ ಜಾನ್ ಪಾಲ್ ಇನ್ನೂ ಮುಂದೆ ಹೋಗಿ, ಜೀವವಿಕಾಸದ ಸಿದ್ಧಾಂತ ಬರೀ ಊಹೆಗಿಂತ ಹೆಚ್ಚಿನದು ಎಂದರು. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಕೂಡ ನಮ್ಮ ಧರ್ಮಸಭೆಯವರೇ, ಅಗಸ್ತೀನರ ಮಠದ ಸನ್ಯಾಸಿ.

ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯವನ್ನೇ ತೆರೆದು ನೋಡಿ. ಜೀವಜಂತುಗಳನ್ನು ಹುಟ್ಟಿಸು ಎಂದು ದೇವರು ಅಪ್ಪಣೆ ಕೊಡುವುದು ಭೂಮಿಗೆ. ಆ ಅಪ್ಪಣೆಯನ್ನು ಭೂಮಿ ಸುಮಾರು 350 ಕೋಟಿ ವರ್ಷಗಳಿಂದ ನಡೆಸಿಕೊಂಡು ಬಂದಿದೆ ಎಂದರೆ ದೇವರ ಮಹಿಮೆಗೆ ಏನು ಕುಂದು? ಅವರಿಗೆ ಆತುರವೇನಿತ್ತು? ನನಗಂತೂ ಇದನ್ನು ತಿಳಿದ ಮೇಲೆ ಕೈ ಇನ್ನಷ್ಟು ಭಕ್ತಿಯಿಂದ ಮುಗಿಯುತ್ತದೆ.

ಈಗ ಸಂಜೆಯ ಜಪಸರದ ಪ್ರಾರ್ಥನೆಯೇ ನಿಂತುಹೋದ ಮನೆಗಳು ಎಷ್ಟೋ. ಕಾಲೇಜಿನಲ್ಲಿ ಡಾರ್ವಿನ್ ಓದಿ ಬಂದ ಮಕ್ಕಳು ಏನಾದರೂ ಕೇಳಿದರೆ, ಪಾಪ, ಗದರಿಸಿ ಕೂರಿಸುತ್ತೇವೆ. ಅದಕ್ಕೇ ಈ ಸಲ ಅಂತೋನಿಯವರ ಮುಂದೆ ಹರಕೆ ಹೊತ್ತು ಬಂದಿದ್ದೇನೆ: ಮುಂದಿನ ಹಬ್ಬದವರೆಗೆ ಜಪಸರ ಮುಗಿದ ಮೇಲೆ ಮನೆಯ ಮಕ್ಕಳ ಜೊತೆ ಕೂತು ಆದಿಕಾಂಡ ಓದುವುದು, ಅವರ ಜೀವಶಾಸ್ತ್ರದ ಪುಸ್ತಕವನ್ನೂ ಪಕ್ಕದಲ್ಲೇ ಇಟ್ಟುಕೊಂಡು.